ಹೊಡೆತದ ಹದ

ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಕನ್ನಡದಲ್ಲಿ ಹಾಡಿದನೆಂಬುದನ್ನು ಅರಿಯದ ಕನ್ನಡಿಗರು ವಿರಳ. ಆ ಮಹಾಕಾವ್ಯವು ಹತ್ತನೆಯದಾದ ಗದಾಪರ್ವದಲ್ಲಿ ಮುಗಿಯುತ್ತದೆ. ಹದಿನೆಂಟು ದಿನಗಳ ಯುದ್ಧದಲ್ಲಿ ರಥ, ಗಜ, ತುರಗ, ಪದಾತಿಗಳ ಆಡಂಬರವೆಲ್ಲ ಅಳಿದ ಮೇಲೆ ಕಟ್ಟಕಡೆಗೆ ಉಳಿಯುವುದು ಇಬ್ಬರು ಮನುಷ್ಯರು, ಎರಡು ಗದೆಗಳು, ಒಂದು ಹೊಡೆತ. ಆ ಹೊಡೆತವಾದರೂ ಬೀಳುವುದೆಲ್ಲಿ? ಗದೆಯನ್ನು ಹಿಡಿದ ತೋಳಿಗಲ್ಲ, ತೊಡೆಗೆ. ಅದು ಧರ್ಮವೋ ಅಧರ್ಮವೋ ಎಂಬ ವಿಚಾರವನ್ನು ಬಲ್ಲವರಿಗೆ ಬಿಡೋಣ. ಆ ಕಥೆಯಲ್ಲಿ ದೇಹಶಾಸ್ತ್ರದ ಒಂದು ಸತ್ಯವೂ ಅಡಗಿದೆಯೆಂದು ನಮಗೆ ಬಹುಕಾಲದಿಂದ ತೋರಿದೆ. ಗದೆ ಬೀಸುವವನ ಬಲದ ನೆಲೆ ತೋಳಲ್ಲ. ತೊಡೆ ಮುರಿದವನು ತೋಳಿದ್ದೂ ಹೊಡೆಯಲಾರ.

ಈ ಸಂಜೆ ನಾವು ಕೇಳುಗರ ಮುಂದಿಡಬೇಕೆಂದಿರುವ ವಿಷಯವು ಇದೇ. ಕೋಲು ಹಿಡಿದ ಮನುಷ್ಯನು ಗಾಳಿಯಲ್ಲಿರುವ ವಸ್ತುವೊಂದನ್ನು ಹೊಡೆಯುವಾಗ ಅವನ ದೇಹದಲ್ಲಿ ನಡೆಯುವುದೇನು? ಅಮೆರಿಕದವರು ಬೇಸ್‌ಬಾಲಿನ ಹೊಡೆತವನ್ನೂ ಇಂಗ್ಲಿಷರು ಕ್ರಿಕೆಟ್ಟಿನ ಹೊಡೆತವನ್ನೂ ನೂರಕ್ಕೆ ಮಿಕ್ಕಿದ ವರ್ಷಗಳಿಂದ ಒರೆಗೆ ಹಚ್ಚಿ ನೋಡುತ್ತ ಬಂದಿದ್ದಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹುಡುಗರು ಯಾವ ಗ್ರಂಥದ ನೆರವೂ ಇಲ್ಲದೆ ಚಿಣ್ಣಿಯನ್ನು ಹೊಡೆಯುತ್ತ ಬಂದಿದ್ದಾರೆ. ಈ ಮೂರೂ ಮೂಲದಲ್ಲಿ ಒಂದೇ ಕ್ರಿಯೆಯೆಂಬುದು ನಮ್ಮ ಮೊದಲ ಮಾತು. ಅದು ಎಲ್ಲರ ದೇಹಕ್ಕೂ ಒಲಿಯತಕ್ಕ ಕ್ರಿಯೆಯಾಗಿದ್ದರೂ ಕೋಲು ಎಲ್ಲರ ಕೈಗೂ ಬರಲಿಲ್ಲವೆಂಬುದು ಎರಡನೆಯ ಮಾತು. ಮೊದಲನೆಯದು ಯಂತ್ರಶಾಸ್ತ್ರ, ಎರಡನೆಯದು ಚರಿತ್ರೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಮಾತು ಅರ್ಧವಾಗುತ್ತದೆ.

ಮೇಲೆ ಹೇಳಿದ ಊರುಗಳು ಒಂದರಿಂದೊಂದಕ್ಕೆ ಒಂದು ಹಗಲಿನ ಗಾಡಿಯ ಹಾದಿಯಷ್ಟೇ ದೂರ. ಆದರೂ ಹಿಂದೆ ಅವು ಒಂದೇ ಆಳ್ವಿಕೆಯಲ್ಲಿರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿಗಳು ಮುಂಬಯಿ ಸರಕಾರದ ಧಾರವಾಡ ಜಿಲ್ಲೆಗೆ ಸೇರಿದ್ದುವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ್ದು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು. 1948ರಲ್ಲಿ ಆ ಸಂಸ್ಥಾನಗಳು ವಿಲೀನವಾದುವು. 1956ರಲ್ಲಿ ಈ ಊರುಗಳೆಲ್ಲ ಕನ್ನಡಿಗರ ಒಂದೇ ರಾಜ್ಯಕ್ಕೆ ಬಂದುವು. 1997ರಲ್ಲಿ ಗದಗ ಜಿಲ್ಲೆಯೆಂಬ ಒಂದೇ ಮಾಡಿನ ಕೆಳಗೆ ಕೂಡಿದುವು. ಕಂದಾಯ ಕಟ್ಟುವ ಕಚೇರಿ ಬೇರೆಯಾಗಿದ್ದ ಕಾಲದಲ್ಲಿಯೂ ಹುಡುಗರ ಆಟಕ್ಕೆ ಗಡಿಯಿರಲಿಲ್ಲ. ಎರೆಹೊಲದಲ್ಲಿ ಸುಗ್ಗಿ ಮುಗಿದು ನೆಲ ಬಯಲಾಯಿತೆಂದರೆ ಚಿಣ್ಣಿಯ ಸದ್ದು ಎಲ್ಲೆಲ್ಲಿಯೂ ಕೇಳಬರುತ್ತಿತ್ತು.

ಚಿಣ್ಣಿದಾಂಡಿನ ಆಟವನ್ನು ಪೇಟೆಯ ಕೇಳುಗರಲ್ಲಿ ಹಲವರು ಮರೆತಿರಬಹುದಾದ್ದರಿಂದ ಅದರ ಕ್ರಮವನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ಚಿಣ್ಣಿಯೆಂಬುದು ಗೇಣಿಗಿಂತ ಚಿಕ್ಕದಾದ, ಎರಡು ತುದಿಗಳನ್ನೂ ಚೂಪಾಗಿ ಕೆತ್ತಿದ ಮರದ ತುಂಡು. ದಾಂಡೆಂಬುದು ಹೆಚ್ಚೆಂದರೆ ಎರಡು ಅಡಿ ಉದ್ದದ ಕೋಲು. ಆಡುವವನು ನೆಲದ ಮೇಲಿರುವ ಚಿಣ್ಣಿಯ ಚೂಪು ತುದಿಗೆ ದಾಂಡಿನಿಂದ ಮೆಲ್ಲನೆ ತಟ್ಟುತ್ತಾನೆ. ಚಿಣ್ಣಿಯು ಸುಳಿಯುತ್ತ ಮೇಲಕ್ಕೆ ನೆಗೆಯುತ್ತದೆ. ಅದು ಮರಳಿ ನೆಲಕ್ಕೆ ಬೀಳುವುದರೊಳಗೆ ಅದನ್ನು ಬೀಸಿ ಹೊಡೆದು ದೂರಕ್ಕೆ ಅಟ್ಟಬೇಕು. ಬಿದ್ದ ದೂರವನ್ನು ದಾಂಡಿನಿಂದಲೇ ಅಳೆಯುತ್ತಾರೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮೊದಲ ತಟ್ಟು ಮೃದುವಾಗಿರಬೇಕು, ಎರಡನೆಯದು ಬಿರುಸಾಗಿರಬೇಕು; ಎರಡಕ್ಕೂ ನಡುವೆ ಇರುವ ಕಾಲ ಅರೆಕ್ಷಣ. ಆ ಅರೆಕ್ಷಣದಲ್ಲಿ ಕೋಲು ಹಿಂದಕ್ಕೆ ಹೋಗಬೇಕು, ಮೈ ತಿರುಗಬೇಕು, ಕಣ್ಣು ಬೆರಳುಗಾತ್ರದ ತುಂಡನ್ನು ಬಿಡದೆ ಹಿಡಿದಿರಬೇಕು. ಇಷ್ಟು ಸಣ್ಣ ಕೋಲಿನಿಂದ ಇಷ್ಟು ಸಣ್ಣ ಗುರಿಯನ್ನು ಹೊಡೆಯಬೇಕಾದ ಆಟಗಳು ಲೋಕದಲ್ಲಿ ಹೆಚ್ಚಿಲ್ಲ.

ನಮ್ಮ ಬಾಲ್ಯದ ನೆನಪೊಂದನ್ನು ಇಲ್ಲಿ ಹೇಳಲು ಅಪ್ಪಣೆಯಿರಲಿ. ಬೆಟಗೇರಿಯ ನೇಕಾರರ ಓಣಿಯಲ್ಲಿ ನಾವು ಆಡುತ್ತಿದ್ದೆವು. ಮೈಯಲ್ಲಿ ಕಸುವಿದ್ದ ಹುಡುಗರಲ್ಲಿ ನಾವೂ ಒಬ್ಬರು. ಆದರೂ ನಮ್ಮ ಚಿಣ್ಣಿಯು ಹತ್ತು ಮಾರು ದಾಟಿದ್ದು ಅಪರೂಪ. ನಮಗಿಂತ ಕಿರಿಯನಾದ, ಕಡ್ಡಿಯಂಥ ಹುಡುಗನೊಬ್ಬನ ಚಿಣ್ಣಿ ಓಣಿಯ ತುದಿಯ ಬೇವಿನ ಮರವನ್ನು ಮುಟ್ಟುತ್ತಿತ್ತು. ಸೋತ ಸಿಟ್ಟಿಗೆ ನಾವು ಇನ್ನೂ ಬಿರುಸಾಗಿ ಹೊಡೆಯುತ್ತಿದ್ದೆವು. ಚಿಣ್ಣಿ ಇನ್ನೂ ಹತ್ತಿರ ಬೀಳುತ್ತಿತ್ತು. ಕಟ್ಟೆಯ ಮೇಲೆ ಕುಳಿತಿದ್ದ ಮುದಿ ನೇಕಾರರೊಬ್ಬರು ಒಂದು ದಿನ ನಕ್ಕು, "ತಮ್ಮಾ, ತೋಳಿಲೆ ಯಾಕ ಗುದ್ದಾಡತಿ? ಮೊದಲ ಕಾಲು, ಆಮ್ಯಾಲೆ ಕೈ. ಮಗ್ಗದಾಗ ಹ್ಯಾಂಗೋ ಇಲ್ಲೂ ಹಂಗ" ಎಂದರು. ಕುಣಿಮಗ್ಗದಲ್ಲಿ ಕುಳಿತವನು ಮೊದಲು ಕಾಲಿನಿಂದ ತುಳಿಯುತ್ತಾನೆ. ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ. ಆಮೇಲಷ್ಟೇ ಕೈಯಿಂದ ಲಾಳಿ ಹಾಯುತ್ತದೆ. ಕೈ ಮೊದಲಾದರೆ ನೂಲು ಹರಿಯುತ್ತದೆ. ಆ ಹಿರಿಯರು ಮೂರು ಮಾತಿನಲ್ಲಿ ಹೇಳಿದುದನ್ನು ನಾವು ಕಾಲೇಜಿನಲ್ಲಿ ಓದಿ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಗ್ರಂಥಗಳಲ್ಲಿ ಮುನ್ನೂರು ಪುಟಗಳಾಗಿ ಕಂಡೆವು.

ಆ ಗ್ರಂಥಗಳ ಸಾರವು ಹೀಗಿದೆ. ಬೇಸ್‌ಬಾಲಿನ ಹೊಡೆತಗಾರನು ಮೊದಲು ದೇಹದ ಭಾರವನ್ನು ಹಿಂಗಾಲಿಗೆ ತರುತ್ತಾನೆ. ಚೆಂಡು ಎಸೆಗಾರನ ಕೈಬಿಡುವ ಹೊತ್ತಿಗೆ ಮುಂಗಾಲನ್ನು ಎತ್ತಿ ಮುಂದಿಡುತ್ತಾನೆ. ಆ ಕಾಲು ನೆಲಕ್ಕೆ ಊರಿ ಗಟ್ಟಿಯಾದ ಕೂಡಲೆ ನೆಲವು ಅವನನ್ನು ಮರಳಿ ಒತ್ತುತ್ತದೆ. ನೆಲವನ್ನು ನಾವು ಎಷ್ಟು ಒತ್ತಿದರೆ ಅದೂ ನಮ್ಮನ್ನು ಅಷ್ಟೇ ಒತ್ತುವುದೆಂಬುದು ನ್ಯೂಟನ್ನನ ಮೂರನೆಯ ನಿಯಮವಷ್ಟೆ. ಆ ಒತ್ತಡದಿಂದ ಸೊಂಟ ತಿರುಗುತ್ತದೆ. ಸೊಂಟ ತಿರುಗಿದ ಮೇಲೆ ಎದೆ, ಎದೆಯ ಹಿಂದೆ ಹೆಗಲು, ಹೆಗಲ ಹಿಂದೆ ತೋಳು, ತೋಳಿನ ಹಿಂದೆ ಮಣಿಕಟ್ಟು, ಕಟ್ಟಕಡೆಗೆ ಬ್ಯಾಟು. ಪ್ರತಿಯೊಂದು ಅಂಗವೂ ತನ್ನ ವೇಗದ ತುದಿಯನ್ನು ಮುಟ್ಟಿ ತಗ್ಗುವಾಗ ಮುಂದಿನ ಅಂಗವು ಆ ವೇಗವನ್ನು ಸಾಲವಾಗಿ ಪಡೆದು ಬೆಳೆಸುತ್ತದೆ. ಹಿಂದಿನದು ನಿಲ್ಲದಿದ್ದರೆ ಮುಂದಿನದಕ್ಕೆ ಏನೂ ಸಲ್ಲದು. ಹೊಡೆಯುವ ವಿದ್ಯೆಯ ಅರ್ಧವು ನಿಲ್ಲುವ ವಿದ್ಯೆಯೆಂದರೆ ತಪ್ಪಾಗಲಾರದು.

ಇದಕ್ಕೆ ಉಪಮೆಯನ್ನು ಹುಡುಕಲು ದೂರ ಹೋಗಬೇಕಾದ್ದಿಲ್ಲ. ಎತ್ತಿನ ಗಾಡಿ ಹೊಡೆಯುವವನ ಬಾರುಕೋಲನ್ನು ನೋಡಿ. ಅವನ ಕೈ ಆಡುವುದು ಸ್ವಲ್ಪವೇ, ಅದೂ ತಟಕ್ಕನೆ ನಿಲ್ಲುತ್ತದೆ. ಕೈ ನಿಂತ ಮೇಲೆ ವೇಗವು ಕೋಲಿನಿಂದ ಬಾರಿಗೆ, ಬಾರಿನ ಬುಡದಿಂದ ತುದಿಗೆ ಹರಿಯುತ್ತದೆ. ಮುಂದುಮುಂದಕ್ಕೆ ತೂಕ ಕಡಮೆಯಾಗುತ್ತ ಹೋಗುವುದರಿಂದ ವೇಗ ಹೆಚ್ಚುತ್ತ ಹೋಗುತ್ತದೆ. ತುದಿಯಲ್ಲಿ ಚಟೀರೆಂಬ ಸದ್ದು. ಜೋಳದ ಹೊಲದ ಅಟ್ಟಣಿಗೆಯಲ್ಲಿ ನಿಂತು ಕವಣೆಯಿಂದ ಹಕ್ಕಿ ಹಾರಿಸುವವರದೂ ಇದೇ ತಂತ್ರ. ಮನುಷ್ಯದೇಹವು ತೊಡೆಯಲ್ಲಿ ದಪ್ಪವಾಗಿಯೂ ಬೆರಳಿನಲ್ಲಿ ತೆಳ್ಳಗಾಗಿಯೂ ಇರುವ ಒಂದು ಬಾರುಕೋಲು.

ಇಲ್ಲಿಂದ ಎರಡು ಸೂಕ್ಷ್ಮಗಳು ಹುಟ್ಟುತ್ತವೆ. ಗಿರಗಿರನೆ ತಿರುಗಿ ಆಡುವ ಮಕ್ಕಳು ಕೈ ಚಾಚಿದಾಗ ನಿಧಾನವಾಗಿಯೂ ಕೈಗಳನ್ನು ಎದೆಗೆ ತಂದುಕೊಂಡಾಗ ವೇಗವಾಗಿಯೂ ತಿರುಗುವುದನ್ನು ಎಲ್ಲರೂ ಕಂಡಿದ್ದೀರಿ. ಆದುದರಿಂದಲೇ ಒಳ್ಳೆಯ ಹೊಡೆತಗಾರನು ಬೀಸು ತೊಡಗುವಾಗ ಮೊಣಕೈಗಳನ್ನು ಮೈಗೆ ಹತ್ತಿರವಾಗಿಟ್ಟು, ಚೆಂಡು ಸಮೀಪಿಸಿದಾಗಷ್ಟೇ ತೋಳು ಚಾಚುತ್ತಾನೆ. ಮೊದಲೇ ತೋಳು ಚಾಚಿದವನು ತನ್ನ ವೇಗಕ್ಕೆ ತಾನೇ ಕಡಿವಾಣ ಹಾಕಿಕೊಂಡಂತೆ.

ಎರಡನೆಯದು ತೂಕದ ವಿಚಾರ. ಬ್ಯಾಟಿನ ತೂಕವನ್ನು ಇಮ್ಮಡಿ ಮಾಡಿದರೆ ಅದರ ಚಲನಶಕ್ತಿಯು ಇಮ್ಮಡಿಯಾಗುತ್ತದೆ. ವೇಗವನ್ನು ಇಮ್ಮಡಿ ಮಾಡಿದರೆ ನಾಲ್ಮಡಿಯಾಗುತ್ತದೆ. ಭಾರವಾದ ಬ್ಯಾಟನ್ನು ಅದೇ ವೇಗದಲ್ಲಿ ಬೀಸಬಲ್ಲವನಿಗೆ ಅದು ಲಾಭವೇ ಸರಿ. ಬೀಸಲಾರದವನಿಗೆ ಅದು ಹೊರೆ. ಅಮೆರಿಕದ ಬೇಬ್ ರೂತ್ ಎಂಬ ಪ್ರಸಿದ್ಧ ಆಟಗಾರನು 40 ಔನ್ಸಿಗೂ ಮಿಕ್ಕ ತೂಕದ ಬ್ಯಾಟು ಹಿಡಿಯುತ್ತಿದ್ದನು. ಅವನ ತರುವಾಯದವರು ಕ್ರಮೇಣ ಹಗುರವಾದ ಬ್ಯಾಟುಗಳಿಗೆ ತಿರುಗಿದರು.

ಬ್ಯಾಟಿನ ಯಾವ ಜಾಗಕ್ಕೆ ಚೆಂಡು ತಗಲಬೇಕೆಂಬುದನ್ನು ಕಟ್ಟಿಗೆ ಒಡೆಯುವವನನ್ನು ಕೇಳಿದರೆ ಹೇಳುತ್ತಾನೆ. ಕೊಡಲಿ ಸರಿಯಾದ ಕಡೆ ಬಿದ್ದರೆ ಕಾವು ಹಿಡಿದ ಕೈಗೆ ಏನೂ ತೋರದು. ತಪ್ಪಿ ಬಿದ್ದರೆ ಕೈ ಜುಮ್ಮೆನ್ನುತ್ತದೆ. ಬ್ಯಾಟಿನಲ್ಲಿಯೂ ಅಂಥ ಒಂದು ನೆಲೆಯುಂಟು. ಅಲ್ಲಿ ತಗಲಿದ ಚೆಂಡು ಕೈಯನ್ನು ನಡುಗಿಸುವುದಿಲ್ಲ. ನಡುಕದಲ್ಲಿ ಪೋಲಾಗಬೇಕಿದ್ದ ಶಕ್ತಿಯೆಲ್ಲ ಚೆಂಡಿಗೇ ಸಲ್ಲುತ್ತದೆ. ಚೆಂಡೂ ಬ್ಯಾಟೂ ಒಂದನ್ನೊಂದು ಮುಟ್ಟಿರುವ ಕಾಲವು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಪಾಲು. ಆಮೇಲೆ ಹೊಡೆತಗಾರನು ಏನು ಮಾಡಿದರೂ ಚೆಂಡಿಗೆ ತಿಳಿಯದು. ಹಾಗಿದ್ದರೆ ಹೊಡೆದ ಮೇಲೆಯೂ ಬೀಸನ್ನು ಕೊನೆಯವರೆಗೆ ಸಾಗಿಸಬೇಕೆಂದು ಗುರುಗಳು ಹೇಳುವುದೇಕೆ? ಕೊನೆಯವರೆಗೆ ಸಾಗಿದ ಬೀಸು ನಡುವೆ ತಡೆಯಲ್ಪಡಲಿಲ್ಲವೆಂಬುದಕ್ಕೆ ಸಾಕ್ಷಿ. ಅಷ್ಟೇ ಅದರ ಗುಟ್ಟು.

ಇನ್ನು ಕಾಲದ ಲೆಕ್ಕ. ಬೇಸ್‌ಬಾಲಿನಲ್ಲಿ ಎಸೆಗಾರನು ನಿಲ್ಲುವ ಹಲಗೆಗೂ ಹೊಡೆತಗಾರನ ನೆಲೆಗೂ ಇರುವ ದೂರವು 60 ಅಡಿ 6 ಅಂಗುಲ. ಇದು 1893ರಲ್ಲಿ ಗೊತ್ತಾದ ಅಳತೆ. ಗಂಟೆಗೆ 90 ಮೈಲಿ ವೇಗದ ಚೆಂಡು ಆ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಬೀಸಿಗೇ 0.15 ಸೆಕೆಂಡು ಬೇಕು. ಮಿಕ್ಕ ಕಾಲು ಸೆಕೆಂಡಿನಲ್ಲಿ ಹೊಡೆಯಬೇಕೇ ಬಿಡಬೇಕೇ, ಎಲ್ಲಿ ಹೊಡೆಯಬೇಕು ಎಂಬುದೆಲ್ಲ ನಿಶ್ಚಯವಾಗಬೇಕು. 22 ಗಜದ ಕ್ರಿಕೆಟ್ ಅಂಗಳದಲ್ಲಿ ವೇಗದ ಚೆಂಡಿಗೆ ಸುಮಾರು ಅರ್ಧ ಸೆಕೆಂಡು. ಅದರ ಮೇಲೆ ಚೆಂಡು ನೆಲಕ್ಕೆ ಬಡಿದು ದಿಕ್ಕು ಬದಲಿಸುವ ಕಾಟ ಬೇರೆ. ಚೆಂಡಿನ ಮೇಲಿನ ಕಣ್ಣು ತೆಗೆಯಬೇಡವೆಂದು ಎಲ್ಲ ಗುರುಗಳೂ ಹೇಳುತ್ತಾರೆ. ಆದರೆ ಕೊನೆಯ ಕೆಲವು ಅಡಿಗಳಲ್ಲಿ ಅಷ್ಟು ವೇಗದ ಚೆಂಡನ್ನು ಯಾವ ಕಣ್ಣೂ ಹಿಂಬಾಲಿಸಲಾರದೆಂದು ಅಮೆರಿಕದ ಬೇಹಿಲ್ ಮತ್ತು ಲಾರಿಟ್ಜ್ ಎಂಬವರು 1984ರಲ್ಲಿ ತೋರಿಸಿದರು. 2000ರಲ್ಲಿ ಇಂಗ್ಲೆಂಡಿನ ಲ್ಯಾಂಡ್ ಮತ್ತು ಮ್ಯಾಕ್ಲಿಯೋಡ್ ಎಂಬ ವಿದ್ವಾಂಸರು ಕ್ರಿಕೆಟ್ ದಾಂಡಿಗರ ಕಣ್ಣಿನ ಚಲನೆಯನ್ನು ಅಳೆದರು. ನುರಿತ ದಾಂಡಿಗನು ಚೆಂಡು ಕೈಬಿಟ್ಟುದನ್ನು ನೋಡಿ, ಒಡನೆ ಕಣ್ಣನ್ನು ಅದು ನೆಲಕ್ಕೆ ಬೀಳಲಿರುವ ಜಾಗಕ್ಕೆ ಹಾರಿಸಿ, ಅಲ್ಲಿ ಚೆಂಡಿಗಾಗಿ ಕಾಯುತ್ತಾನೆ. ಅವನು ನೋಡುವುದು ಚೆಂಡು ಇರುವ ಕಡೆಯನ್ನಲ್ಲ, ಬರಲಿರುವ ಕಡೆಯನ್ನು.

ಈ ವಿಚಾರವು ಹೇಗೆ ಬೆಳೆಯಿತೆಂಬುದನ್ನು ಈಗ ನೋಡೋಣ. ಇಂಗ್ಲೆಂಡಿನಲ್ಲಿ ಚೆಂಡನ್ನು ನೆಲದ ಮೇಲೆಯೇ ಉರುಳಿಸಿ ಎಸೆಯುತ್ತಿದ್ದ ಕಾಲದಲ್ಲಿ ಕ್ರಿಕೆಟ್ ಬ್ಯಾಟು ಹಾಕಿಯ ಕೋಲಿನಂತೆ ತುದಿಯಲ್ಲಿ ಬಾಗಿತ್ತು. ಚೆಂಡನ್ನು ನೆಲಕ್ಕೆ ಬಡಿದು ಪುಟಿಸುವ ಕ್ರಮ ಬಂದ ಮೇಲೆ ಬ್ಯಾಟು ನೆಟ್ಟಗಾಯಿತು. 1771ರಲ್ಲಿ ಥಾಮಸ್ ವೈಟ್ ಎಂಬಾತನು ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬರಲು, ಅದರ ಅಗಲವು ನಾಲ್ಕೂಕಾಲು ಅಂಗುಲವನ್ನು ಮೀರಕೂಡದೆಂಬ ಕಟ್ಟಳೆಯಾಯಿತು. ಅದು ಇಂದಿಗೂ ನಡೆದಿದೆ. ಹೊಡೆತದ ರೂಪವನ್ನು ಕಣ್ಣಿಗೆ ಹಿಡಿದು ನಿಲ್ಲಿಸಿದ್ದು ಛಾಯಾಚಿತ್ರ. ಮೈಬ್ರಿಜ್ ಎಂಬಾತನು 1887ರಲ್ಲಿ ಪ್ರಕಟಿಸಿದ 781 ಚಿತ್ರಫಲಕಗಳಲ್ಲಿ ಕುದುರೆಯ ಓಟ, ಮನುಷ್ಯನ ನಡಿಗೆಗಳ ಜತೆಗೆ ಬೇಸ್‌ಬಾಲಿನ ಮತ್ತು ಕ್ರಿಕೆಟ್ಟಿನ ಹೊಡೆತಗಳೂ ಇವೆ. 1905ರಲ್ಲಿ ಬೆಲ್ಡಮ್ ಮತ್ತು ಫ್ರೈ ಇಬ್ಬರೂ ಕೂಡಿ ದೊಡ್ಡ ದಾಂಡಿಗರ ವಿಧಾನಗಳನ್ನು 600 ಛಾಯಾಚಿತ್ರಗಳಿಂದ ವಿವರಿಸಿದ ಗ್ರಂಥವನ್ನು ಹೊರತಂದರು.

ಆದರೆ ಗ್ರಂಥವು ಮುಂದೆ ನಡೆದು ಆಟಗಾರನು ಹಿಂದೆ ಬಂದದ್ದು ಎಲ್ಲಿಯೂ ಇಲ್ಲ. ಆಸ್ಟ್ರೇಲಿಯದ ಬೌರಲ್ ಎಂಬ ಚಿಕ್ಕ ಊರಿನಲ್ಲಿ ಬ್ರಾಡ್ಮನ್ನನು ಹುಡುಗನಾಗಿದ್ದಾಗ ಗಾಲ್ಫ್ ಚೆಂಡನ್ನು ನೀರಿನ ತೊಟ್ಟಿಯ ಇಟ್ಟಿಗೆಯ ಅಡಿಪಾಯಕ್ಕೆ ಎಸೆದು, ಅದು ಪುಟಿದು ಬರುವಾಗ ವಿಕೆಟ್ಟಿನ ಗೂಟದಿಂದ ಹೊಡೆಯುತ್ತ ಒಬ್ಬನೇ ಆಡುತ್ತಿದ್ದನು. ಸಣ್ಣ ಕೋಲು, ಸಣ್ಣ ಗುರಿ, ಅರೆಕ್ಷಣದ ಕಾಲ. ನಮ್ಮ ಚಿಣ್ಣಿದಾಂಡಿಗೂ ಅದಕ್ಕೂ ಎಷ್ಟು ದೂರ? ಅವನ ಬ್ಯಾಟು ಗ್ರಂಥದಲ್ಲಿ ಹೇಳಿದಂತೆ ನೇರವಾಗಿ ಹಿಂದಕ್ಕೆ ಏಳುತ್ತಿರಲಿಲ್ಲ. ಓರೆಯಾಗಿ ಎದ್ದು ಸುತ್ತಿ ಬರುತ್ತಿತ್ತು. ಅವನ ಟೆಸ್ಟ್ ಸರಾಸರಿಯು 99.94 ಆದ ಮೇಲೆ ಆ ಓರೆಯನ್ನು ತಪ್ಪೆನ್ನುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಬೇಸ್‌ಬಾಲಿನಲ್ಲಿ ಟೆಡ್ ವಿಲಿಯಮ್ಸ್ 1941ರಲ್ಲಿ ಸಾವಿರಕ್ಕೆ 406ರ ಸರಾಸರಿಯಲ್ಲಿ ಹೊಡೆದು, ಆಟ ಬಿಟ್ಟ ಎಷ್ಟೋ ವರ್ಷಗಳ ಮೇಲೆ ಹೊಡೆತದ ಶಾಸ್ತ್ರವನ್ನು ಕುರಿತು ಗ್ರಂಥ ಬರೆದನು. ಸೊಂಟವು ಮುಂದಾಗಿ ಕೈಯು ಹಿಂದಾಗಬೇಕೆಂಬುದು ಅದರ ತಿರುಳು. ಬೆಟಗೇರಿಯ ಮುದಿ ನೇಕಾರರು ಆ ಗ್ರಂಥವನ್ನು ಓದಿರಲಿಲ್ಲ.

ಬೇಸ್‌ಬಾಲಿಗೂ ಕ್ರಿಕೆಟ್ಟಿಗೂ ಭೇದವಿಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಬೇಸ್‌ಬಾಲಿನವನು ದುಂಡಗಿನ ಕೋಲನ್ನು ಅಡ್ಡವಾಗಿ ಬೀಸುತ್ತಾನೆ. ಅವನಿಗೆ ಹಿಂದೆ ಕಾಯಬೇಕಾದ ವಿಕೆಟ್ಟಿಲ್ಲ, ದೂರಕ್ಕೆ ಹೊಡೆಯುವುದೇ ಗುರಿ. ಕ್ರಿಕೆಟ್ಟಿನವನು ಮೊದಲು ಕಾವಲುಗಾರ, ಆಮೇಲೆ ಹೊಡೆತಗಾರ. ಆದ್ದರಿಂದ ಅವನ ಬ್ಯಾಟು ಸಾಮಾನ್ಯವಾಗಿ ನೇರವಾಗಿ ಇಳಿಯುತ್ತದೆ. ಆದರೆ ಚೆಂಡು ಮೋಟಾಗಿ ಬಿದ್ದು ಎತ್ತರಕ್ಕೆ ಪುಟಿದಾಗ ಅವನೂ ಬ್ಯಾಟನ್ನು ಅಡ್ಡಲಾಗಿ ಬೀಸುವನು. ಆಗ ಇಬ್ಬರೂ ಒಂದೇ ಮನೆಯವರು. ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ ಹೊಡೆತವನ್ನು ನೋಡಿದವರು ಇಂದಿಗೂ ಬಣ್ಣಿಸುತ್ತಾರೆ. ಅವರು ಎತ್ತರದ ಆಳಲ್ಲ, ದೊಡ್ಡ ತೋಳಿನವರೂ ಅಲ್ಲ. ಚೆಂಡು ತಮ್ಮನ್ನು ದಾಟುವವರೆಗೂ ಕಾದು, ಕೊನೆಯ ಗಳಿಗೆಯಲ್ಲಿ ಮಣಿಕಟ್ಟನ್ನು ಸಡಿಲ ಬಿಡುತ್ತಿದ್ದರು. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ 137 ಓಟ ಹೊಡೆದರು. ಅವರದು ಬಾರುಕೋಲಿನ ತುದಿಯ ವಿದ್ಯೆ.

ಇಲ್ಲಿಗೆ ಯಂತ್ರಶಾಸ್ತ್ರ ಮುಗಿಯಿತು. ಚರಿತ್ರೆಯ ಮಾತು ಉಳಿದಿದೆ. ಬಲವು ನೆಲದಿಂದ ಬರುವುದಾದರೆ, ನೆಲದ ಮೇಲೆ ನಿಂತವರೆಲ್ಲರೂ ಅದಕ್ಕೆ ಹಕ್ಕುದಾರರು. ಹಾಗಾಯಿತೇ?

1896ರಲ್ಲಿ ಭಾರತದ ರಾಜವಂಶದ ತರುಣನಾದ ರಣಜಿತ್‌ಸಿಂಹರು ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿನ ಪರವಾಗಿ ಔಟಾಗದೆ 154 ಓಟ ಹೊಡೆದರು. ಅವರ ಮಣಿಕಟ್ಟಿನ ಚಮತ್ಕಾರಕ್ಕೆ ಇಂಗ್ಲೆಂಡೇ ಬೆರಗಾಯಿತು. ಅದೇ 1890ರ ದಶಕದಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಳವಣಕರ ಬಾಳೂ ಎಂಬ ತರುಣನು ಪುಣೆಯ ಐರೋಪ್ಯರ ಜಿಮ್ಖಾನೆಯಲ್ಲಿ ಅಂಗಳ ನೋಡಿಕೊಳ್ಳುವ ಕೆಲಸಕ್ಕಿದ್ದನು. ಅವನದು ಅಸ್ಪೃಶ್ಯವೆಂದು ಕರೆಸಿಕೊಂಡ ಚಮ್ಮಾರ ಕುಲ. ಅವನ ಎಡಗೈಯ ಚೆಂಡೆಸೆತದ ಗುಣವನ್ನು ಕಂಡು ದೊರೆಗಳು ಅಭ್ಯಾಸದ ಬಲೆಯಲ್ಲಿ ಅವನಿಂದ ಗಂಟೆಗಟ್ಟಲೆ ಚೆಂಡು ಎಸೆಯಿಸಿಕೊಂಡರು. ಬ್ಯಾಟು ಹಿಡಿದು ನಿಲ್ಲುವ ಅವಕಾಶವನ್ನು ಮಾತ್ರ ಅವನಿಗೆ ಒಮ್ಮೆಯೂ ಕೊಡಲಿಲ್ಲವೆಂದು ಚರಿತ್ರಕಾರ ರಾಮಚಂದ್ರ ಗುಹ ಅವರು 2002ರ ತಮ್ಮ ಗ್ರಂಥದಲ್ಲಿ ತಿಳಿಸಿದ್ದಾರೆ. ಎಸೆಯುವುದು ದುಡಿಮೆ, ಹೊಡೆಯುವುದು ದೊರೆತನ. ಕಾಲದ ಲೆಕ್ಕಾಚಾರವು ಹಾಗಿತ್ತು. ಮುಂದೆ ಹಿಂದೂಗಳ ತಂಡವು ಅವನನ್ನು ಸೇರಿಸಿಕೊಂಡಿತು. ಅಂಗಳದಲ್ಲಿ ಅವನು ಮುಟ್ಟಿದ ಚೆಂಡನ್ನು ಮುಟ್ಟಿದವರೇ ಅವನಿಗೆ ಚಹವನ್ನು ಮಾತ್ರ ಹೊರಗೆ, ಬೇರೆಯ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಬಾಳೂ ಅವರು 114 ವಿಕೆಟ್ ಕೆಡವಿದರು. ಆದರೂ ನಾಯಕತ್ವ ಅವರಿಗೆ ಬರಲಿಲ್ಲ. ಅವರ ತಮ್ಮ ವಿಠ್ಠಲರು ದಾಂಡಿಗರಾಗಿ ಬೆಳೆದು 1923ರಲ್ಲಿ ಹಿಂದೂ ತಂಡದ ನಾಯಕರಾದರು. ಅಣ್ಣನ ಕೈಗೆ ಸಿಗದ ಕೋಲು ತಮ್ಮನ ಕೈಗೆ ಬರಲು ಒಂದು ತಲೆಮಾರು ಹಿಡಿಯಿತು.

ಈ ಅನ್ಯಾಯವು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ಕರಿಯರನ್ನು ಬೇಸ್‌ಬಾಲಿನ ದೊಡ್ಡ ಕೂಟಗಳಿಂದ 1947ರ ವರೆಗೆ ಹೊರಗಿಟ್ಟಿದ್ದರು. ಆ ವರುಷ ಜಾಕಿ ರಾಬಿನ್ಸನ್ ಆ ಬಾಗಿಲನ್ನು ತೆರೆದನು. ಅದಕ್ಕೆ ಕೆಲವೇ ತಿಂಗಳ ಮೊದಲು ತೀರಿಕೊಂಡ ಜಾಷ್ ಗಿಬ್ಸನ್ ಎಂಬ ಕರಿಯ ಹೊಡೆತಗಾರನ ಲೆಕ್ಕಗಳನ್ನು 2024ರಲ್ಲಷ್ಟೇ ಮುಖ್ಯ ದಾಖಲೆಗಳಲ್ಲಿ ಸೇರಿಸಿದರು. ಸೇರಿಸಿದ ಮೇಲೆ ನೋಡಿದರೆ ಜೀವಮಾನದ ಸರಾಸರಿಯಲ್ಲಿ ಅವನೇ ಎಲ್ಲರಿಗಿಂತ ಮೇಲೆ: ಸಾವಿರಕ್ಕೆ 372. ಹೊಡೆತವು ನಿಜವಾಗಿತ್ತು; ಬರೆಯುವ ಕೈ ಮಾತ್ರ ಇರಲಿಲ್ಲ.

ಮರಳಿ ಗದಗಿಗೆ ಬರೋಣ. 1970ರಲ್ಲಿ ಗದಗಿನಲ್ಲಿ ಹುಟ್ಟಿದ ಸುನಿಲ್ ಜೋಶಿಯವರು ಹುಡುಗರಾಗಿದ್ದಾಗ ದಿನವೂ ಮುಂಜಾನೆ ಸುಮಾರು 40 ಮೈಲಿ ಪ್ರಯಾಣ ಮಾಡಿ, ಹುಬ್ಬಳ್ಳಿಯಲ್ಲಿ ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರು. ಲೋಕವು ಅವರನ್ನು ಎಡಗೈಯ ಸ್ಪಿನ್ ಬೌಲರೆಂದು ಬಲ್ಲದು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ 6 ಓಟ ಕೊಟ್ಟು 5 ವಿಕೆಟ್ ಕಿತ್ತದ್ದನ್ನು ಮರೆಯುವಂತಿಲ್ಲ. ಆದರೆ ನಮ್ಮ ವಿಷಯಕ್ಕೆ ಬೇಕಾದುದು ಅವರ ಬ್ಯಾಟು. 1995-96ರ ರಣಜಿ ಪಂದ್ಯಗಳಲ್ಲಿ ಅವರು 50ಕ್ಕೆ ಮಿಕ್ಕಿ ವಿಕೆಟ್ ಪಡೆದುದಲ್ಲದೆ 500ಕ್ಕೆ ಮಿಕ್ಕಿ ಓಟವನ್ನೂ ಹೊಡೆದರು. 2000ದ ನವೆಂಬರಿನಲ್ಲಿ ಬಾಂಗ್ಲಾದೇಶವು ಢಾಕಾದಲ್ಲಿ ತನ್ನ ಮೊತ್ತಮೊದಲ ಟೆಸ್ಟ್ ಆಡಿದಾಗ, ಭಾರತದ 429 ಓಟಗಳಲ್ಲಿ ಎಲ್ಲರಿಗಿಂತ ಹೆಚ್ಚಿನ 92 ಓಟಗಳು ಜೋಶಿಯವರವು. ನೂರಕ್ಕೆ ಎಂಟು ಕಡಮೆ. ಆದರೂ ಪಂದ್ಯದ ಶ್ರೇಷ್ಠ ಆಟಗಾರರೆಂಬ ಮನ್ನಣೆ ಅವರಿಗೆ ಸಂದಿತು. ಧಾರವಾಡದಲ್ಲಿ ಹುಟ್ಟಿದ ಎಡಗೈ ಬೌಲರನೊಬ್ಬನಿಗೆ ಪುಣೆಯ ದೊರೆಗಳು ಬ್ಯಾಟು ಕೊಡದೆ ನೂರು ವರ್ಷ ಕಳೆದ ಮೇಲೆ, ಅದೇ ಸೀಮೆಯ ಇನ್ನೊಬ್ಬ ಎಡಗೈ ಬೌಲರನು ದೇಶದ ಪರವಾಗಿ ಬ್ಯಾಟು ಹಿಡಿದು ಎಲ್ಲರಿಗಿಂತ ಹೆಚ್ಚು ಹೊಡೆದನು. ಇವೆರಡನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ ನಮ್ಮ ಮನಸ್ಸಿಗೆ ಆಗುವ ಸಂತೋಷದಲ್ಲಿ ಸ್ವಲ್ಪ ಸಂಕಟವೂ ಬೆರೆತಿರುತ್ತದೆ.

ಸಂಕಟಕ್ಕೆ ಇನ್ನೊಂದು ಕಾರಣವೂ ಉಂಟು. ಜಾತಿಯ ಗೋಡೆ ಸಡಿಲವಾದ ಕಡೆಗಳಲ್ಲಿ ಬೇರೆಯ ಗೋಡೆಗಳು ಎದ್ದಿವೆ. ಬಯಲುಗಳು ನಿವೇಶನಗಳಾಗುತ್ತಿವೆ. ಅಭ್ಯಾಸದ ಬಲೆಗೆ ಹಣ ಬೇಕು. ಹತ್ತು ವರುಷದ ಮಗುವಿಗೆ ತಂದೆಯು ಪ್ರೀತಿಯಿಂದ ದೊಡ್ಡವರ ಭಾರದ ಬ್ಯಾಟು ಕೊಂಡು ತರುತ್ತಾನೆ. ಮಗು ಅದನ್ನು ಎತ್ತಲಾರದೆ ಸೊಂಟವನ್ನು ಬಿಟ್ಟು ತೋಳಿನಿಂದ ತಳ್ಳಲು ಕಲಿಯುತ್ತದೆ. ಆಮೇಲೆ ಅದನ್ನು ಬಲಹೀನನೆಂದು ಹೆಸರಿಟ್ಟು ಮೂಲೆಗೆ ಕಳಿಸುತ್ತೇವೆ. ನಾವೂ ಒಮ್ಮೆ ಶಾಲೆಯೊಂದರಲ್ಲಿ ಹಾಗೆ ಮೂಲೆಗೆ ನಿಂತವರೇ. ಬಲವಿಲ್ಲದ ಮಗುವಿಗಿಂತ ಕ್ರಮ ತಿಳಿಯದ ಮಗುವೇ ಹೆಚ್ಚೆಂಬುದನ್ನು ನಮ್ಮ ಉಪಾಧ್ಯಾಯರು ನೆನಪಿಡಬೇಕು.

ಹಾಗಾದರೆ ಎಲ್ಲರೂ ಚಿಣ್ಣಿದಾಂಡಿಗೆ ಮರಳಬೇಕೆ ಎಂದು ಕೇಳುವವರಿದ್ದಾರೆ. ಆ ಆಟದಲ್ಲಿ ಕಣ್ಣಿಗೆ ಪೆಟ್ಟಾಗುವ ಭಯವು ನಿಜ. ಅದನ್ನು ಓಣಿಯಲ್ಲಿ ಆಡಬಾರದೆಂದು ಗದರುತ್ತಿದ್ದ ತಾಯಂದಿರು ಸುಳ್ಳು ಹೇಳಲಿಲ್ಲ. ನಾವು ಬಯಸುವುದು ಆಟದ ಪುನರುದ್ಧಾರವನ್ನಲ್ಲ, ಅದರ ಪಾಠದ ಉಳಿವನ್ನು. ಹಗುರವಾದ ಕೋಲು, ಚಿಕ್ಕದಾದ ಮೃದುವಾದ ಚೆಂಡು, ಒಂದಿಷ್ಟು ಬಯಲು, ಮೊದಲು ಕಾಲು ಆಮೇಲೆ ಕೈ ಎಂದು ಹೇಳುವ ಒಬ್ಬ ಹಿರಿಯರು. ಇಷ್ಟಿದ್ದರೆ ಮೊದಲ ಐದು ವರುಷಕ್ಕೆ ಸಾಕು.

ಹೊಡೆತದ ಕ್ಷಣವನ್ನು ಇಂಗ್ಲಿಷಿನವರು ಟೈಮಿಂಗ್ ಎನ್ನುತ್ತಾರೆ. ನಮ್ಮ ಎರೆಸೀಮೆಯ ಒಕ್ಕಲಿಗನಲ್ಲಿ ಅದಕ್ಕಿಂತ ಒಳ್ಳೆಯ ಮಾತೊಂದಿದೆ: ಹದ. ಮಳೆ ಬಿದ್ದ ಕೂಡಲೆ ಎರೆಹೊಲಕ್ಕೆ ಇಳಿದರೆ ಕೂರಿಗೆ ಕೆಸರಿನಲ್ಲಿ ಹೂಳುತ್ತದೆ. ತಡಮಾಡಿದರೆ ನೆಲ ಬಿರಿದು ಕಲ್ಲಾಗುತ್ತದೆ. ನಡುವೆ ಒಂದೆರಡು ದಿನ ಹದವಿರುತ್ತದೆ. ಆಗ ಬಿತ್ತಿದ್ದು ಫಲಿಸುತ್ತದೆ. ಹದವನ್ನು ಬಲ್ಲವನಿಗೆ ದೊಡ್ಡ ತೋಳು ಬೇಕಿಲ್ಲ, ದೊಡ್ಡ ಮನೆತನವೂ ಬೇಕಿಲ್ಲ. ಬೇಕಾದುದು ನಿಲ್ಲಲು ಒಂದಿಷ್ಟು ನೆಲ. ಅದನ್ನು ಕೊಡುವುದು ಮಾತ್ರ ಹೊಡೆಯುವವನ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.